ಷರತ್ತಿಲ್ಲದ ಗಾಳಿ

ಸಾರಜನಕಕ್ಕೆ ವಾಸನೆಯಿಲ್ಲ. ಗಾಳಿಮನೆಗೆ ಕೆಲಸಕ್ಕೆ ಸೇರುವವರಿಗೆ ಮೊದಲ ದಿನ ಹೇಳಿಕೊಡುವ ಪಾಠವೇ ಅದು. ಆದರೂ ಹಡಗು ಬಂದಾಗಲೆಲ್ಲ ಅದರ ತೊಟ್ಟಿಯಿಂದ ಮೊದಲು ಹೊರಬಿದ್ದ ಅನಿಲವನ್ನು ಒಂದಿಷ್ಟು ಆಮ್ಲಜನಕದೊಂದಿಗೆ ಬೆರೆಸಿ ಮೂಸಿ ನೋಡುವುದು ನವಹಟ್ಟಿಯ ಪದ್ಧತಿ. ಅಳೆಯಬೇಕಾದದ್ದನ್ನೆಲ್ಲ ಯಂತ್ರಗಳು ಅಳೆಯುತ್ತವೆ. ಮೂಸುವುದು ಬರೀ ಮರ್ಯಾದೆಗೆ, ಹೊಸ ಜೋಳದ ಚೀಲ ಬಿಚ್ಚಿದಾಗ ಒಂದು ಮುಷ್ಟಿ ಎತ್ತಿ ಮೂಗಿಗೆ ಹಿಡಿದಂತೆ.

ಆ ದಿನ ಗಾಳಿಮನೆಯ ಮುಖ್ಯಸ್ಥೆ ಹುಲಿಗೆಮ್ಮ ಮುಖವಾಡವನ್ನು ಮೂಗಿಗೆ ಒತ್ತಿಕೊಂಡು ಉಸಿರೆಳೆದವಳು ಹಾಗೆಯೇ ನಿಂತುಬಿಟ್ಟಳು. ಮತ್ತೊಮ್ಮೆ ಎಳೆದಳು. ಮುಖವಾಡವನ್ನು ಪಂಪು ನೋಡಿಕೊಳ್ಳುವ ರಾಜಾಬಿಯ ಕೈಗೆ ಕೊಟ್ಟಳು.

ರಾಜಾಬಿ ಮೂಸಿ ಹುಬ್ಬೇರಿಸಿದಳು. “ಯಾರೋ ಪುಂಡಿಪಲ್ಯಕ್ಕ ಒಗ್ಗರಣಿ ಕೊಟ್ಟಾರ ನೋಡ್ರಿ ಅಕ್ಕಾ. ಮೆಂತ್ಯೆ, ಬೆಳ್ಳುಳ್ಳಿ. ಮಹಾಸಂಘದವ್ರು ಹೋಗೂಮುಂದ ಊಟ ಹಾಕಿ ಹೋಗ್ತಾರೇನು?”

ಹುಲಿಗೆಮ್ಮ ನಗಲಿಲ್ಲ. ಹಡಗಿನ ತೊಟ್ಟಿ ಭೂಮಿಯ ಮೇಲೆ ತುಂಬಿದ್ದಾದರೆ ಅದರಲ್ಲಿ ಒಗ್ಗರಣೆ ಇರಲು ಸಾಧ್ಯವಿರಲಿಲ್ಲ. ಅಲ್ಲಿ ಗಾಳಿಯನ್ನು ದ್ರವ ಮಾಡಿ, ಭಟ್ಟಿ ಇಳಿಸಿ, ಸಾರಜನಕವನ್ನಷ್ಟೇ ಬೇರೆ ತೆಗೆಯುತ್ತಾರೆ. ವಾಸನೆ ಉಳಿಯಬೇಕಾದರೆ ಯಾವುದೋ ಮನೆಯ ಗಾಳಿಯನ್ನು ಇದ್ದಂತೆಯೇ ಒತ್ತಿ ತುಂಬಿರಬೇಕು, ಅದೂ ಅವಸರದಲ್ಲಿ.

ನವಹಟ್ಟಿ ಇರುವುದು ಚಂದ್ರನ ದಕ್ಷಿಣದ ಒಂದು ಕುಳಿಯ ಅಂಚಿನಲ್ಲಿ, ನೆಲದ ಒಳಗೆ. ಭೂಮಿಯ ಮಹಾಸಂಘ ತನ್ನ ಹಡಗುಗಳ ಎಂಜಿನ್ನಿಗೆ ಬೇಕಾದ ಲೋಹ ತೆಗೆಸಲು, ತಲೆಮಾರುಗಳಿಂದ ಚಿನ್ನದ ಗಣಿಗಳಲ್ಲಿ ಇಳಿದು ಹತ್ತುತ್ತಿದ್ದ ರಾಯಚೂರು ಸೀಮೆಯ ಕುಟುಂಬಗಳನ್ನು ಹಿಂದೆ ಇಲ್ಲಿಗೆ ತಂದಿಳಿಸಿತ್ತು. ಆಮ್ಲಜನಕಕ್ಕೆ ಇಲ್ಲಿ ಕೊರತೆಯಿಲ್ಲ, ಬಂಡೆ ಹುರಿದರೆ ಬೇಕಾದಷ್ಟು ಬರುತ್ತದೆ. ಸಾರಜನಕ ಮಾತ್ರ ಚಂದ್ರನ ನೆಲದಲ್ಲಿ ಇಲ್ಲವೆಂದರೂ ಸರಿ. ಅದಿಲ್ಲದೆ ಬರೀ ಆಮ್ಲಜನಕದಲ್ಲಿ ಕೆಲಕಾಲ ಬದುಕಬಹುದು. ಆದರೆ ಒಂದು ಕಿಡಿ ಹಾರಿದರೆ ಓಣಿಗೆ ಓಣಿಯೇ ಹೊತ್ತಿಕೊಳ್ಳುತ್ತದೆ, ಮತ್ತು ಬೇಳೆಕಾಳು ಬೆಳೆಯುವುದಿಲ್ಲ. ಊರೆಂದ ಮೇಲೆ ಸೋರುವುದೂ ಇದ್ದದ್ದೇ. ಒಂದೊಂದು ಬಾಗಿಲಲ್ಲಿ ಒಂದೊಂದು ಚಿಟಿಕೆ ಗಾಳಿ ದಿನವೂ ಆಚೆ ಹೋಗುತ್ತದೆ. ಹೋದದ್ದನ್ನು ತುಂಬಲು ಹಡಗು ಬರಬೇಕು. ಮಹಾಸಂಘದ ಪ್ರಜೆ ಎಲ್ಲಿದ್ದರೂ ಅವನ ಉಸಿರು ಮಹಾಸಂಘದ ಹೊಣೆ ಎಂಬುದು ಅವರ ಮೂಲ ಕಾನೂನು. ಅದನ್ನು ಹೇಳಿಕೊಂಡೇ ಅವರು ನೂರು ವರ್ಷಕ್ಕೂ ಮೇಲ್ಪಟ್ಟು ಆಳಿದ್ದರು.

ಆ ಆಳ್ವಿಕೆ ಇನ್ನು ಎರಡು ದಿನದ ಮಾತು. ನಾಳಿದ್ದು ಸಹಿ, ಬಾವುಟ, ಸ್ವಾತಂತ್ರ್ಯ.

ಹುಲಿಗೆಮ್ಮ ಅನಿಲದ ಮಾದರಿಯನ್ನು ಒಳಗಿನ ಕೋಣೆಗೆ ಒಯ್ದು ಸ್ಪೆಕ್ಟ್ರೋಮೀಟರಿಗೆ ಹಾಕಿದಳು. ಪರಮಾಣುಗಳನ್ನು ತೂಕದ ಪ್ರಕಾರ ಬೇರೆ ಮಾಡಿ ತೋರಿಸುವ ಯಂತ್ರ ಅದು. ಸಾರಜನಕದಲ್ಲಿ ಹಗುರ ಪರಮಾಣುಗಳ ನಡುವೆ ಕೆಲವೇ ಕೆಲವು ಭಾರದವು ಇರುತ್ತವೆ. ಭೂಮಿಯ ಗಾಳಿಯಲ್ಲಿ ಆ ಪ್ರಮಾಣ ಎಲ್ಲೆಡೆ ಒಂದೇ. ಪರದೆಯ ಮೇಲೆ ಎದ್ದ ಗೆರೆ ಅದಕ್ಕಿಂತ ಒಂದೂವರೆ ಪಟ್ಟಿಗೂ ಮಿಕ್ಕಿತ್ತು. ಯಂತ್ರ ಕೆಟ್ಟಿರಬೇಕೆಂದು ಊರಿನ ಹಳೆಯ ಗಾಳಿಯನ್ನು ಹಾಕಿ ನೋಡಿದಳು. ಅದು ಸರಿಯಾಗಿಯೇ ಬಂತು. ಮತ್ತೆ ಹಡಗಿನದ್ದು, ಮತ್ತೆ ಅದೇ ಎತ್ತರದ ಗೆರೆ.

ಅಷ್ಟು ಭಾರದ ಸಾರಜನಕ ಇರುವುದು ಮಂಗಳನಲ್ಲಿ. ಹಗುರವಾದವು ಯಾವ ಕಾಲದಲ್ಲೋ ಆಕಾಶಕ್ಕೆ ಹಾರಿಹೋಗಿ, ಭಾರದವು ಹಿಂದುಳಿದಿವೆ. ಮಂಗಳನ ತೆಳುಗಾಳಿಯನ್ನು ಬಾಚಿ ತರುತ್ತಿದ್ದ ಹಡಗುಗಳು ಮುರಿದುಬಿದ್ದು ಬಹಳ ಕಾಲವಾಗಿತ್ತು. ಅವು ಕೊನೆಯದಾಗಿ ತುಂಬಿದ್ದು ಒಂದೇ ಊರನ್ನು: ಮಂಗಳನ ಪುಟ್ಟ ಉಪಗ್ರಹದ ಹೊಟ್ಟೆಯೊಳಗಿನ ಕೆಂಪುಹಟ್ಟಿ. ಅಲ್ಲಿಯವರೂ ಇದೇ ಸೀಮೆಯ ಜನ. ಹೆಣ್ಣು ಕೊಟ್ಟು ತರುವ ನಂಟು ಇತ್ತು. ಹುಲಿಗೆಮ್ಮನ ತಂಗಿ ದುರುಗವ್ವ ಅಲ್ಲಿಗೇ ಮದುವೆಯಾಗಿ ಹೋಗಿದ್ದಳು.

ಕೆಂಪುಹಟ್ಟಿಗೆ ಸ್ವಾತಂತ್ರ್ಯ ಮೊದಲೇ ಬಂದಿತ್ತು. ಆ ದಿನ ದುರುಗವ್ವ ಪರದೆಯ ಮೇಲೆ ಬಂದು ಹೋಳಿಗೆ ಮಾಡಿದ್ದನ್ನು ತೋರಿಸಿ ನಕ್ಕಿದ್ದಳು. ಆಮೇಲೆ ಒಂದೆರಡು ಸುದ್ದಿ ಬಂದವು, ಆಮೇಲೆ ಏನೂ ಇಲ್ಲ. ಹೊಸ ರಾಷ್ಟ್ರ ತನ್ನ ಪಾಡಿಗೆ ತಾನಿರಲು ಬಯಸಿದೆ, ಆ ಬಯಕೆಯನ್ನು ಗೌರವಿಸುತ್ತೇವೆ ಎಂದು ಮಹಾಸಂಘದ ರೇಡಿಯೋ ಹೇಳಿತು. ನವಹಟ್ಟಿಯವರು ಅದನ್ನು ನಂಬಿದರು. ತಮ್ಮವರಿಗೆ ಬಿಗುಮಾನ ಬಂದಿದೆ ಎಂದು ಹಾಸ್ಯವನ್ನೂ ಮಾಡಿದರು.

ಪರದೆಯ ಮೇಲಿನ ಗೆರೆ ಆ ಗಾಳಿ ಎಲ್ಲಿಯದೆಂದು ಹೇಳಿತ್ತು. ಆ ಒಗ್ಗರಣೆ ಯಾರ ಮನೆಯದೆಂದು ಹೇಳುವ ಯಂತ್ರ ಗಾಳಿಮನೆಯಲ್ಲಿ ಇರಲಿಲ್ಲ.

ಮನೆಗೆ ಬಂದಾಗ ಅಪ್ಪ ಆದೆಪ್ಪ ಹಳೆಯ ಅಂಗಿಯ ತೋಳು ಹರಿದದ್ದನ್ನು ತಾನೇ ಹೊಲಿದುಕೊಳ್ಳುತ್ತ ಕೂತಿದ್ದ. ಸೆರೆಮನೆಯಲ್ಲಿ ಉಟ್ಟಿದ್ದ ಅಂಗಿ ಅದು. ಅದನ್ನೇ ಹಾಕಿಕೊಂಡು ಸಹಿ ಮಾಡುತ್ತೇನೆಂದು ಹಟ ಹಿಡಿದಿದ್ದ. ಗಣಿಯ ದೂಳು ಅವನ ಎದೆಯನ್ನು ತಿಂದಿತ್ತು. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಿತ್ತು. ಆದರೂ ಹೋರಾಟ ಸಮಿತಿಗೆ ಅವನೇ ಅಧ್ಯಕ್ಷ. ಅವನನ್ನು ಹಿಡಿದು ಒಯ್ದದ್ದು ಚುಕ್ಕಿ ಬಿಟ್ಟದ್ದಕ್ಕೆ.

ಚುಕ್ಕಿ ಬಿಡುವುದು ನವಹಟ್ಟಿಯವರ ಪಟಾಕಿ. ಪ್ರತಿ ಮನೆಗೂ ಕಸ ಹೊರಹಾಕಲು ಎರಡು ಬಾಗಿಲಿನ ಒಂದು ಕಿಂಡಿ ಇದೆ. ಹೊರಬಾಗಿಲು ತೆರೆಯುವ ಮುನ್ನ ಒಳಗಿನ ಗಾಳಿಯನ್ನು ಪಂಪು ಮಾಡಿ ಮನೆಗೆ ಹಿಂದಕ್ಕೆ ಎಳೆದುಕೊಳ್ಳಬೇಕು. ಹಾಗೆ ಎಳೆದುಕೊಳ್ಳದೆ, ಕಿಂಡಿಯೊಳಗೆ ಒಂದು ಪಾತ್ರೆ ನೀರು ಕುದಿಸಿ, ಹಬೆ ತುಂಬಿದ ಗಾಳಿಯನ್ನು ಒಮ್ಮೆಲೇ ಹೊರಗೆ ಬಿಟ್ಟರೆ ಅದು ಹೆಪ್ಪುಗಟ್ಟಿ ಬಿಸಿಲಿನಲ್ಲಿ ಕೋಟಿ ಚುಕ್ಕಿಯಾಗಿ ಮಿನುಗಿ ಉದುರುತ್ತದೆ. ಮದುವೆಗೆ, ಮಗು ಹುಟ್ಟಿದ್ದಕ್ಕೆ ಒಂದೊಂದು ಕಿಂಡಿ. ಅದು ಗಾಳಿ ಪೋಲು ಮಾಡಿದಂತೆ ಎಂದು ಮಹಾಸಂಘ ನಿಷೇಧ ಹಾಕಿ, ಊರಿನ ಎಲ್ಲ ಕಿಂಡಿಗಳಿಗೂ ಗಾಳಿಮನೆಯಿಂದಲೇ ಬೀಗ ಬೀಳುವಂತೆ ಮಾಡಿತ್ತು. ಗಾಳಿಮನೆಗೇ ನುಗ್ಗಿ ಆ ಬೀಗ ಮುರಿದು, ನಡುಹಗಲಲ್ಲಿ ಚುಕ್ಕಿ ಬಿಟ್ಟು, ನಮ್ಮ ಗಾಳಿ ನಮ್ಮ ಇಷ್ಟ ಎಂದವನು ಆದೆಪ್ಪ. ಅಲ್ಲಿಂದ ಶುರುವಾದದ್ದು ಹೋರಾಟ. ಷರತ್ತಿಲ್ಲದ ಸ್ವಾತಂತ್ರ್ಯ ಎಂಬ ಕೂಗು ಓಣಿಯ ಗೋಡೆಗಳ ಮೇಲೆಲ್ಲ ಇತ್ತು. ಮಹಾಸಂಘ ನಡುನಡುವೆ ಅದು ಇದು ಷರತ್ತು ಹಾಕಿ ಅರೆ ಸ್ವಾತಂತ್ರ್ಯ ಕೊಡಲು ಬಂದಾಗಲೆಲ್ಲ ಸಮಿತಿ ಹಿಂದಕ್ಕೆ ಕಳಿಸಿತ್ತು. ಒಂದು ದಿನ ಅವರು ಕೇಳಿದ್ದನ್ನು ಕೇಳಿದಂತೆಯೇ ಕೊಟ್ಟುಬಿಟ್ಟರು.

ಅಪ್ಪನ ಸೂಜಿಗೆ ದಾರ ಪೋಣಿಸಿಕೊಟ್ಟು ಹುಲಿಗೆಮ್ಮ ಹೊರಗೆ ಬಂದಳು. ಮೊದಲು ವಿಲ್ಮೋಟನ ಬಾಯಿಂದ ಕೇಳಬೇಕಿತ್ತು.

ವಿಲ್ಮೋಟ್ ಮಹಾಸಂಘದ ಅನಿಲ ಇಂಜಿನಿಯರು. ಅವಳಿಗೆ ಕೆಲಸ ಕಲಿಸಿದವನೂ ಅವನೇ. ಕನ್ನಡವನ್ನು ಪುಸ್ತಕದಿಂದ ಕಲಿತು, ಪುಸ್ತಕದಂತೆಯೇ ಮಾತಾಡುತ್ತಿದ್ದ. ಗಂಟುಮೂಟೆ ಕಟ್ಟುತ್ತಿದ್ದವನ ಮುಂದೆ ಅವಳು ಆ ಗೆರೆಯ ಚಿತ್ರವನ್ನು ಇಟ್ಟಳು. ಅವನು ಅದನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡ.

“ಭಟ್ಟಿ ಇಳಿಸಲು ಸಮಯ ಇರಲಿಲ್ಲ,” ಎಂದ. “ನೀವು ಮೂಸಿ ನೋಡುತ್ತೀರಿ ಎಂದು ನಾನು ಅವರಿಗೆ ಹೇಳಿದ್ದೆ.”

ಆಮೇಲೆ ಅವನು ಮುಚ್ಚಿಡಲಿಲ್ಲ. ಮುಚ್ಚಿಡುವ ಹುಮ್ಮಸ್ಸೂ ಅವನಲ್ಲಿ ಉಳಿದಿರಲಿಲ್ಲ. ಭೂಮಿಯ ಮೇಲೆ ಸಾರಜನಕಕ್ಕೇನೂ ಬರವಿಲ್ಲ, ಅದನ್ನು ಮೇಲಕ್ಕೆ ಎತ್ತುವುದಕ್ಕೆ ಬರ. ಸಮುದ್ರ ಏರಿ ಉಡಾವಣೆಯ ನೆಲೆಗಳು ಒಂದೊಂದಾಗಿ ಮುಳುಗಿದವು. ಉಳಿದ ರಾಕೆಟ್ಟುಗಳು ಅವನ ವಯಸ್ಸಿನವು. ಭೂಮಿಯ ಸೆಳೆತದಿಂದ ಒಂದು ತೊಟ್ಟಿ ಬಿಡಿಸಿ ತರುವ ಇಂಧನದಲ್ಲಿ ಮಂಗಳನ ಉಪಗ್ರಹದಿಂದ ಹಲವು ತೊಟ್ಟಿ ತರಬಹುದು. ಅಲ್ಲಿ ಸೆಳೆತವೇ ಇಲ್ಲ, ದಾರಿ ಮಾತ್ರ ಉದ್ದ. ಹಡಗುಗಳು ಕಡಿಮೆಯಾದ ಮೇಲೆ ನವಹಟ್ಟಿಯ ಲೋಹ ಯಾರಿಗೂ ಬೇಡವಾಗಿತ್ತು. ಲೋಹ ಬೇಡವಾದರೂ ಕಾನೂನು ಇತ್ತಲ್ಲ, ಪ್ರಜೆಗಳು ಇರುವವರೆಗೆ ಉಸಿರು ಕೊಡಲೇಬೇಕು. ಕಾನೂನು ಮುರಿದರೆ ಭೂಮಿಯ ಮೇಲೆಯೇ ಅವರ ಮಾತಿಗೆ ಬೆಲೆ ಹೋಗುತ್ತಿತ್ತು. ಅದಕ್ಕೆ ಪ್ರಜೆಗಳನ್ನೇ ಇಲ್ಲವಾಗಿಸುವ ದಾರಿ ಹುಡುಕಿದರು. ದಾರಿ ನಿಮ್ಮ ಗೋಡೆಗಳ ಮೇಲೆಯೇ ಬರೆದಿತ್ತು ಎಂದ ವಿಲ್ಮೋಟ್.

ಕೆಂಪುಹಟ್ಟಿಯಲ್ಲಿ ಏನಾಯಿತೆಂದು ಅವಳು ಕೇಳಿದಳು.

ಸ್ವತಂತ್ರರಾದ ಮೇಲೆ ಅವರಿಗೆ ಗಾಳಿ ತರುವ ಹಡಗು ಬರಲಿಲ್ಲ. ಸೋರಿದಷ್ಟು ಸೋರಿತು. ಜನ ಎರಡು ಓಣಿಗೆ ಒತ್ತಾಗಿ ಸೇರಿಕೊಂಡು ಉಳಿದ ಓಣಿಗಳ ಗಾಳಿಯನ್ನು ಮಹಾಸಂಘಕ್ಕೇ ಮಾರತೊಡಗಿದರು. ಗಾಳಿ ಕೊಟ್ಟರೆ ಭೂಮಿಗೆ ಹೋಗುವ ಹಡಗಿನಲ್ಲಿ ಜಾಗ. ಮೊದಲ ಹಡಗಿನಲ್ಲಿ ಕೆಲವರು ಹೋದರು. ಎಲ್ಲಿ ಇಳಿಸಿದರೋ ಅವನಿಗೆ ಗೊತ್ತಿರಲಿಲ್ಲ.

“ಈ ತೊಟ್ಟಿ?”

“ಇದು ಕೊನೆಯದು. ಹಡಗು ಅಲ್ಲಿಗೆ ಹೋದಾಗ ಬಾಗಿಲು ತೆರೆಯುವವರು ಇರಲಿಲ್ಲ. ಉಳಿದ ಗಾಳಿ ಉಸಿರಾಡಲು ಸಾಲದಷ್ಟು ತೆಳುವಾಗಿತ್ತು.”

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಅವನು ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆ ಕೂತು, ತಗ್ಗಿದ ದನಿಯಲ್ಲಿ ಒಂದು ಮಾತು ಸೇರಿಸಿದ. ಸಹಿಯಾಗುವವರೆಗೆ ನೀವು ಪ್ರಜೆಗಳೇ. ನಮ್ಮದೇ ಸಾರಜನಕದ ಏರ್ಪಾಡು ಆಗುವವರೆಗೆ ಹಡಗು ಬರುತ್ತಿರಬೇಕು ಎಂದು ಒಂದೇ ಒಂದು ಷರತ್ತು ನೀವು ಹಾಕಿದರೆ, ಮಹಾಸಂಘ ಇಲ್ಲವೆನ್ನಲು ಬರುವುದಿಲ್ಲ. ಎಲ್ಲಿಂದಾದರೂ ಎತ್ತಿ ತರಲೇಬೇಕು. “ಆದರೆ ನೀವು ಷರತ್ತು ಹಾಕುವುದಿಲ್ಲ. ಅದೊಂದನ್ನೇ ಅವರು ನಂಬಿಕೊಂಡಿದ್ದಾರೆ.”

ಮರುದಿನ ಬೆಳಿಗ್ಗೆ ಹುಲಿಗೆಮ್ಮ ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದಳು. ಚಿತ್ರ ತೋರಿಸಿದಳು, ಪ್ರಮಾಣ ವಿವರಿಸಿದಳು, ಆ ಒಂದು ಷರತ್ತು ಬೇಡಿದಳು. ಅಷ್ಟು ಮಾತು ಅವಳು ಜೀವಮಾನದಲ್ಲಿ ಆಡಿರಲಿಲ್ಲ. ಸಮಿತಿಯ ಕಾರ್ಯದರ್ಶಿ ಅಮರೇಶ, ಗಣಿಯ ಮುಷ್ಕರ ನಡೆಸಿ ಹೆಸರಾದವನು, ತಾಳ್ಮೆಯಿಂದಲೇ ಕೇಳಿ ಮೀಸೆಯಡಿ ನಕ್ಕ.

“ಅಕ್ಕಾರ, ಒಗ್ಗರಣಿ ವಾಸನಿ ಹಿಡಕೊಂಡು ರಾಜ್ಯ ಕಟ್ಟೂದು ಬಿಡೂದು ಆಗ್ತದೇನ್ರಿ? ಆ ವಿಲ್ಮೋಟಂಗ ಕುರ್ಚಿ ಬಿಟ್ಟು ಹೋಗಾಕ ಹೊಟ್ಟಿ ಉರೀತದ. ನಿಮ್ಮ ಕಿವ್ಯಾಗ ಊದಿ ಕಳಿಸ್ಯಾನ.”

ನಗು ಎದ್ದಿತು. ಕೆಂಪುಹಟ್ಟಿಗೆ ಅಕ್ಕನನ್ನು ಕೊಟ್ಟವನೊಬ್ಬ ನಗಲಿಲ್ಲ. ಆದರೆ ಅವನೂ ಷರತ್ತಿನ ಪರ ಕೈ ಎತ್ತಲಿಲ್ಲ. ಇಷ್ಟು ದಿನ ಬೇಡವೆಂದದ್ದನ್ನು ಈಗ ನಾವೇ ಕೇಳಿದರೆ ಹೋರಾಟದಲ್ಲಿ ಸತ್ತವರಿಗೆ ಏನು ಹೇಳುವುದು ಎಂದು ಯಾರೋ ಕೇಳಿದರು. ಅವಳಿಗೆ ಬದುಕಿರುವವರ ಲೆಕ್ಕವಷ್ಟೇ ಗೊತ್ತಿತ್ತು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಕಿಂಡಿಗಳಿಗೆ ಹಾಕಿದ್ದ ಮಹಾಸಂಘದ ಬೀಗವನ್ನು ಈಗಿಂದೀಗಲೇ ಕಿತ್ತುಹಾಕಬೇಕೆಂದು ಒಮ್ಮತದಿಂದ ತೀರ್ಮಾನವಾಯಿತು. ಮಧ್ಯಾಹ್ನ ಹಲಗೆ ಬಾರಿಸಿಕೊಂಡು ಗಾಳಿಮನೆಗೆ ಬಂದು ಕಿತ್ತೂ ಹಾಕಿದರು. ತಂತಿಗಳ ಕಂತೆಯನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ಮೆರೆಸಿದರು.

ಆದೆಪ್ಪ ಸಭೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಮನೆಗೆ ಬಂದ ಮೇಲೆ ಅವಳು ರೊಟ್ಟಿ ಬಡಿಸಿ ಎದುರಿಗೆ ಕೂತು ಕೇಳಿದಳು, ನೀನಾದರೂ ನಂಬುತ್ತೀಯೋ ಇಲ್ಲವೋ ಎಂದು.

“ನಂಬ್ತೀನವ್ವ,” ಎಂದ ಅಪ್ಪ. “ನೀ ಅಳದದ್ದು ಎಂದರ ತಪ್ಪ್ಯದೇನು?”

“ಹಂಗಾದ್ರ ಒಂದು ಸಾಲು ಸೇರಸು. ನೀ ಅಂದ್ರ ಯಾರೂ ಎದುರಾಡಂಗಿಲ್ಲ.”

ಅವನು ರೊಟ್ಟಿ ಮುರಿದು ಹಾಗೆಯೇ ಹಿಡಿದುಕೊಂಡ. “ಗಾಳಿ ಕೊಡ್ತೀವಿ ಅಂತ ಹೇಳೇ ಅಲ್ಲೇನು ಅವ್ರು ನಮ್ಮನ್ನ ಆಳಿದ್ದು? ಇವತ್ತು ನಾ ಗಾಳಿ ಬೇಡಿದ್ರ, ನಾಳೆ ಗಾಳಿಗೆ ಒಬ್ಬ ಸಾಹೇಬ ಬರ್ತಾನ, ಸಾಹೇಬಗ ಒಂದು ಬಂಗ್ಲೆ, ಬಂಗ್ಲೆ ಕಾಯಾಕ ಪೋಲಿಸ್ರು. ಮತ್ತ ಅದ ಕಥಿ.”

“ಬಂದ್ರ ಬರ್ಲಿ. ಜೀವ ಇದ್ರ ಮತ್ತ ಹೊರಗ ಹಾಕಬಹುದು.”

ಆದೆಪ್ಪ ಬಹಳ ಹೊತ್ತು ಉಸಿರು ಕೂಡಿಸಿಕೊಂಡ. “ನಾವು ಗೆದ್ದಿಲ್ಲ ಅಂತೀಯಲ್ಲವ್ವ ನೀನು. ಅವ್ರು ಒಗದಾರ, ನಾವು ಆರಿಸ್ಕೊಂಡೀವಿ ಅಂತೀ. ಇರಬಹುದು. ಆದ್ರ ನಾ ಸೆರಿಮನ್ಯಾಗ ಇದ್ದಾಗ ನಿಮ್ಮವ್ವ ಸತ್ಲು. ನಾ ಮಣ್ಣಿಗೂ ಬರಲಿಲ್ಲ. ನನ್ನ ಹಂತ್ಯಾಕ ಉಳದದ್ದು ನಾಳಿನ ಸಹಿ ಒಂದ. ಅದರಾಗ ನಾ ಭಿಕ್ಷೆ ಬರಿಯಂಗಿಲ್ಲ.”

ಅವಳು ತಂಗಿಯ ಹೆಸರೆತ್ತಲು ಬಾಯಿ ತೆರೆದಳು. ಅವನು ಕೈ ಅಡ್ಡ ಹಿಡಿದ. ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಹಡಗಿನ ತೊಟ್ಟಿಯನ್ನು ಅಂದೇ ಖಾಲಿ ಮಾಡಿಕೊಳ್ಳಬೇಕಿತ್ತು. ಆ ಗಾಳಿಯನ್ನು ವಾಪಸು ಕಳಿಸುವ ಮಾತೇ ಇರಲಿಲ್ಲ; ಇನ್ನು ಬರುವುದು ಏನೂ ಇಲ್ಲ. ಹುಲಿಗೆಮ್ಮ ತಾನೇ ಚಕ್ರ ತಿರುಗಿಸಿ ಕೆಂಪುಹಟ್ಟಿಯ ಗಾಳಿಯನ್ನು ಊರಿನ ಗಾಳಿಗೆ ಬೆರೆಸಿದಳು. ಇದ್ದಿಲಿನ ಸೋಸುಪಟ್ಟಿಗಳು ಒಗ್ಗರಣೆಯನ್ನು ಹೀರಿಕೊಂಡವು. ರಾಜಾಬಿಗೆ ಸಂಗತಿ ತಿಳಿದಿತ್ತು. ಅವಳು ಪಂಪಿನ ಪಕ್ಕದಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು ಸತ್ತವರಿಗಾಗಿ ಏನನ್ನೋ ಓದಿಕೊಂಡಳು, ಮುಗಿದ ಮೇಲೆ ಅಂಗೈಯಿಂದ ಮುಖ ಸವರಿಕೊಂಡಳು. ಹುಲಿಗೆಮ್ಮನಿಗೆ ಏನೂ ಓದಲು ಬರಲಿಲ್ಲ. ಒತ್ತಡದ ಮುಳ್ಳನ್ನು ನೋಡುತ್ತ ನಿಂತಳು.

ಸ್ವಾತಂತ್ರ್ಯದ ದಿನ ಮೇಲಿನ ಗಾಜಿನ ಮೊಗಸಾಲೆಯಲ್ಲಿ ಜನ ಕಿಕ್ಕಿರಿದರು. ಹೊರಗೆ ಕುಳಿಯ ಅಂಚಿಗೆ ಬಿಸಿಲು ಬಿದ್ದಿತ್ತು. ವಿಲ್ಮೋಟ್ ಮಹಾಸಂಘದ ಬಾವುಟ ಇಳಿಸಿಕೊಂಡು, ಅದನ್ನು ಅಚ್ಚುಕಟ್ಟಾಗಿ ಮಡಿಚಿ, ಯಾರ ಮುಖವನ್ನೂ ನೋಡದೆ ಹಡಗು ಹತ್ತಿದ. ಆದೆಪ್ಪ ಹೊಲಿದ ಅಂಗಿಯಲ್ಲಿ ಸಹಿ ಮಾಡಿದ. ಇನ್ನು ಉಳಿದದ್ದು ಒಂದೇ. ಊರಿನ ಲಾರಿಗಳು ಹೊರಗೆ ಹೋಗುವ ದೊಡ್ಡ ಕಿಂಡಿಯಿಂದ ಮೊಟ್ಟಮೊದಲ ಸ್ವತಂತ್ರ ಚುಕ್ಕಿಯನ್ನು ಅವನ ಕೈಯಿಂದಲೇ ಬಿಡಿಸಬೇಕೆಂದು ಸಮಿತಿ ಗೊತ್ತುಮಾಡಿತ್ತು. ಅಷ್ಟು ದೊಡ್ಡ ಕಿಂಡಿಯ ಚುಕ್ಕಿಯನ್ನು ಯಾರೂ ಕಂಡಿರಲಿಲ್ಲ.

ಅದನ್ನು ಅಣಿಮಾಡುವ ಕೆಲಸ ಗಾಳಿಮನೆಯದು. ಬೆಳಿಗ್ಗೆಯೇ ಹುಲಿಗೆಮ್ಮ ದೊಡ್ಡ ಕಿಂಡಿಯ ಗಾಳಿಯನ್ನೆಲ್ಲ ಊರೊಳಗೆ ಎಳೆದುಕೊಂಡು, ಅದರ ಬದಲಿಗೆ ಬಂಡೆಯಿಂದ ಬಂದ ಬರೀ ಆಮ್ಲಜನಕ ತುಂಬಿ, ಮೇಲೆ ಹಬೆ ಹಾಯಿಸಿದ್ದಳು. ಮಿನುಗುವುದು ನೀರು ತಾನೇ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಊರಿಗೆ ತಿಳಿಯದಂತೆ ಊರಿನ ಗಾಳಿ ಉಳಿಸಿದ್ದಳು. ಜನರಿಗೆ ಏನೂ ಹೇಳದೆ ಅವರ ಉಸಿರಿನ ತೀರ್ಮಾನ ತಾನೊಬ್ಬಳೇ ಮಾಡುವುದನ್ನು ಕಲಿಸಿದವನು ಈಗ ಹಡಗಿನಲ್ಲಿ ಕೂತಿದ್ದಾನೆ ಎಂದು ಅವಳಿಗೆ ಹೊಳೆಯದೆ ಇರಲಿಲ್ಲ.

ಆದೆಪ್ಪ ಹಿಡಿಕೆ ಎಳೆದ. ಹೊರಬಾಗಿಲು ತೆರೆಯಿತು. ಸದ್ದಿಲ್ಲದೆ ಒಂದು ಬಿಳಿ ಮೋಡ ಉಕ್ಕಿ, ಒಡೆದು, ಹೊನ್ನಿನ ಪುಡಿಯಾಗಿ ಕುಳಿಯ ಉದ್ದಕ್ಕೂ ಹರಡಿತು. ಎಳೆಯರು ಗಾಜಿಗೆ ಮೂಗು ಒತ್ತಿದರು. ಮುದುಕಿಯರು ನೆಟಿಕೆ ಮುರಿದರು. ಅಮರೇಶ ಮಕ್ಕಳಂತೆ ಅತ್ತುಬಿಟ್ಟ.

ಹುಲಿಗೆಮ್ಮ ಮೊಗಸಾಲೆಯ ಗೋಡೆಯ ಮೇಲಿನ ಒತ್ತಡದ ಮುಳ್ಳನ್ನು ನೋಡಿದಳು. ಅದು ಅಲುಗಿರಲಿಲ್ಲ. ಅವಳು ಬಿಗಿಹಿಡಿದಿದ್ದ ಭುಜ ಸಡಿಲ ಬಿಟ್ಟಳು.

ಆಗ ಕೆಳಗಿನ ಓಣಿಯ ಯಾವುದೋ ಮನೆಯ ಕಿಂಡಿಯಿಂದ ಒಂದು ಸಣ್ಣ ಚುಕ್ಕಿ ಹಾರಿತು. ಅದನ್ನು ಕಂಡು ಪಕ್ಕದ ಮನೆಯದು. ಆಮೇಲೆ ಅದರಾಚೆಯದು. ಬೀಗ ನಿನ್ನೆಯೇ ಹೋಗಿತ್ತು. ಮನೆಮನೆಯಲ್ಲೂ ಹೆಂಗಸರು ಕಿಂಡಿಯೊಳಗೆ ನೀರು ಕುದಿಯಲು ಇಟ್ಟೇ ಮೇಲೆ ಬಂದಿದ್ದರು. ಒಬ್ಬೊಬ್ಬರನ್ನು ಕೆಳಗೆ ನಿಲ್ಲಿಸಿ ಬಂದಿದ್ದರು. ಕುಳಿಯ ಅಂಚಿನ ಉದ್ದಕ್ಕೂ ಊರಿಗೆ ಊರೇ ಚುಕ್ಕಿ ಬಿಡತೊಡಗಿತು. ಒಮ್ಮೆ ಬಿಟ್ಟವರು ಮತ್ತೊಮ್ಮೆ ತುಂಬಿಕೊಂಡು ಬಿಟ್ಟರು. ಬಿಸಿಲೇ ಪುಡಿಯಾಗಿ ಉದುರಿದಂತಿತ್ತು. ಅಷ್ಟು ಚೆಂದವಾದದ್ದನ್ನು ಅವಳು ತನ್ನ ಹುಟ್ಟಿನಲ್ಲೇ ಕಂಡಿರಲಿಲ್ಲ.

ಮುಳ್ಳು ಒಂದು ಕೂದಲೆಳೆ ಕೆಳಗಿಳಿಯಿತು. ನಿಂತಿತು. ಮತ್ತೆ ಇಳಿಯಿತು.

ಆದೆಪ್ಪ ಜನರ ಹಾರಗಳನ್ನು ಕೊರಳಲ್ಲಿ ಹೊತ್ತು ನಿಧಾನವಾಗಿ ಮಗಳ ಪಕ್ಕಕ್ಕೆ ಬಂದು ನಿಂತ. ಅವನೂ ಮುಳ್ಳನ್ನು ನೋಡಿದ. ಅದನ್ನು ಓದಲು ಅವನಿಗೆ ಬರುತ್ತಿತ್ತು. ಗಾಳಿಮನೆಯಲ್ಲಿ ಬೀಗ ಮುರಿದವನಲ್ಲವೇ. ನೋಡಿ, ಕಣ್ಣನ್ನು ಮತ್ತೆ ಹೊರಗಿನ ಬೆಳಕಿನ ಕಡೆ ತಿರುಗಿಸಿದ.

“ವಾಸನಿ ಎಂಥಾದಿತ್ತಂದಿ?” ಎಂದು ಕೇಳಿದ.

“ಮೆಂತ್ಯೆ. ಬೆಳ್ಳುಳ್ಳಿ.”

“ದುರುಗಿ ಬೆಳ್ಳುಳ್ಳಿ ಜಾಸ್ತಿ ಹಾಕ್ತಿದ್ಲು. ನಿಮ್ಮವ್ವ ಬೈತಿದ್ಲು.”

ಹೊರಗೆ ಇನ್ನೊಂದು ಸಾಲು ಕಿಂಡಿಗಳು ತೆರೆದವು. ಜನ ಹೋ ಎಂದರು. ಆದೆಪ್ಪ ಹಾರವನ್ನು ಪಕ್ಕಕ್ಕೆ ಸರಿಸಿ, ಕಣ್ಣು ಮುಚ್ಚಿ, ಹರಿದ ಎದೆಗೆ ಹಿಡಿಸುವಷ್ಟು ಗಾಳಿಯನ್ನು ಒಳಗೆಳೆದುಕೊಂಡ. ಬಿಡಲು ಬಹಳ ಹೊತ್ತು ಮಾಡಿದ.